ಮಯ್ಯರ ಎಲುಬು, ದೇವರ ತುಪ್ಪ

ಯುದ್ಧದ ಕಾಲ. ಅಕ್ಕಿ ರೇಷನ್ನಿನಲ್ಲಿ ಸಿಗುತ್ತಿತ್ತು. ಕೋಟದ ಕಡೆಯ ನಮ್ಮೂರಿನ ಜನ ಎಷ್ಟು ಸೊರಗಿದ್ದರೆಂದರೆ, ಸಂಜೆಯ ಬಿಸಿಲಿಗೂ ಕೆಲವರಿಗೆ ನೆರಳು ಬೀಳುತ್ತಿರಲಿಲ್ಲ. ಅಂಥ ಊರಲ್ಲಿ ಒಬ್ಬರೇ ಒಬ್ಬರು ಉಬ್ಬುತ್ತ ಹೋದರೆ? ಅವರೂ ದೇವಸ್ಥಾನದ ಅಡುಗೆಯವರಾಗಿದ್ದರೆ?

ಹಿರಿಯಣ್ಣ ಮಯ್ಯರ ಮುಖ ಬೂದುಗುಂಬಳದ ಹಾಗೆ ದುಂಡಗಾಯಿತು. ಅವರ ಹೊಟ್ಟೆ ಬಾಗಿಲು ದಾಟಿ ಬಂದು ಸ್ವಲ್ಪ ಹೊತ್ತಾದ ಮೇಲೆ ಅವರು ಬರುತ್ತಿದ್ದರು. ಕೈಕಾಲು ಮಾತ್ರ ಹಿಡಿಸೂಡಿ ಪೊರಕೆಯ ಕಡ್ಡಿ. ಅದನ್ನು ನೋಡುವ ವ್ಯವಧಾನ ಹಸಿದವರಿಗೆಲ್ಲಿ? ದೇವರ ತುಪ್ಪವೆಲ್ಲ ಮಯ್ಯರ ಹೊಟ್ಟೆಗೆ ಇಳಿಯುತ್ತಿದೆ ಎಂದು ಊರು ತೀರ್ಮಾನಿಸಿತು. ದೇವಸ್ಥಾನದ ಆಡಳಿತ ನೋಡುತ್ತಿದ್ದ ಮೊಕ್ತೇಸರ ದುಗ್ಗಪ್ಪ ಶೆಟ್ಟರು ಸೋಮವಾರದ ಊಟದ ಪಂಕ್ತಿಯ ಎದುರು ನಿಂತು, ತುಪ್ಪ ಕದಿಯುವವರು ಅಡುಗೆ ಬಿಟ್ಟುಕೊಡುವುದು ಒಳ್ಳೆಯದು ಎಂದುಬಿಟ್ಟರು.

ಮಯ್ಯರು ಬಿಡಲಿಲ್ಲ. ಬಿಟ್ಟರೆ ಕಳ್ಳನೆಂದು ಒಪ್ಪಿಕೊಂಡ ಹಾಗೆ. ಉಗ್ರಾಣದ ಕೀಲಿ ಶೆಟ್ಟರ ಹತ್ತಿರವೇ ಇರಲಿ, ತಾನು ಉಣ್ಣುವುದೆಲ್ಲ ಇನ್ನು ಹೊರಜಗಲಿಯಲ್ಲಿ, ಎಲ್ಲರ ಕಣ್ಣೆದುರು ಎಂದರು. ಮರುದಿನದಿಂದ ಎರಡು ಹೊತ್ತೂ ಗಂಜಿ, ಉಪ್ಪಿನಕಾಯಿ, ಸುತ್ತ ಪ್ರೇಕ್ಷಕರು. ಹೆಮ್ಮಾಡಿಯಿಂದ ಜನ ಬುತ್ತಿ ಕಟ್ಟಿಕೊಂಡು ಬಂದು ನೋಡಿದರಂತೆ. ಬರೀ ಗಂಜಿಯಲ್ಲೂ ಮುಖ ಇನ್ನಷ್ಟು ದುಂಡಗಾಯಿತು. ಹಾಗಾದರೆ ಇವರು ತುಪ್ಪದ ವಾಸನೆಯನ್ನೇ ಕುಡಿಯುತ್ತಾರೆ ಎಂದು ಊರು ತೀರ್ಪು ತಿದ್ದಿಕೊಂಡಿತು.

ಒಂದು ದಿನ ಒಗ್ಗರಣೆಯ ಘಾಟಿಗೆ ಮಯ್ಯರು ಸೀನಿದರು. ಪಕ್ಕೆಲುಬು ಮುರಿಯಿತು. ಆ ಸದ್ದಿಗೆ ಗಂಗೊಳ್ಳಿಯ ದೋಣಿಯವರು ತಮ್ಮ ಹುಟ್ಟು ಮುರಿಯಿತೆಂದು ತಡಕಾಡಿದರು ಎಂದರೆ ನೀವು ನಂಬಬೇಕಿಲ್ಲ. ಸೀನಿಗೆ ಎಲುಬು ಮುರಿದದ್ದನ್ನು ಮಾತ್ರ ನಂಬಿ.

ಇದ್ದಲಿನ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ, ಹೊಳೆ ಬಂದಲ್ಲಿ ಇಳಿದು ದೋಣಿ ಹತ್ತಿ, ಶೆಟ್ಟರೇ ಅವರನ್ನು ಮಂಗಳೂರಿಗೆ ಕರೆದೊಯ್ದರು. ಎಕ್ಸ್‌ರೇಯಲ್ಲಿ ಬೆನ್ನೆಲುಬಿನ ಮಣಿಗಳೂ ಕುಸಿದಿದ್ದವು. ಡಾಕ್ಟರು ಹೊಟ್ಟೆಯ ಮೇಲಿನ ನೇರಳೆ ಗೀರುಗಳನ್ನು ಬಹಳ ಹೊತ್ತು ನೋಡಿದರು. ಮೂತ್ರಪಿಂಡದ ಮೇಲೆ ಟೊಪ್ಪಿಯ ಹಾಗೆ ಒಂದು ಗ್ರಂಥಿ ಇರುತ್ತದೆ, ಅದರಲ್ಲಿ ಗಡ್ಡೆ ಬೆಳೆದಿರಬೇಕು ಎಂದರು. ಅದು ಅಳತೆ ಮೀರಿ ಸುರಿಸುವ ರಸ ಮುಖವನ್ನೂ ಹೊಟ್ಟೆಯನ್ನೂ ಊದಿಸುತ್ತದೆ, ಕೈಕಾಲು ಕರಗಿಸುತ್ತದೆ, ಎಲುಬನ್ನು ಒಳಗಿಂದ ಟೊಳ್ಳು ಮಾಡುತ್ತದೆ. ಮದ್ರಾಸಿನಲ್ಲಿ ಕೊಯ್ದು ತೆಗೆಯಬಹುದು, ಉಳಿಯುವ ಭರವಸೆ ಕೊಡಲಾಗದು.

ಇದು ತುಪ್ಪ ತಿಂದು ಬಂದದ್ದೇ ಎಂದು ಶೆಟ್ಟರು ಕೇಳಿದರು. ಅಲ್ಲ ಎಂದರು ಡಾಕ್ಟರು.

ಹಿಂದಿರುಗುವಾಗ ಶೆಟ್ಟರು ಮೆತ್ತಗಾಗಿದ್ದರು. ಇನ್ನು ಮನೆಯಲ್ಲಿ ಮಲಗಿರಿ, ಅಕ್ಕಿ ಅಲ್ಲಿಗೇ ಕಳಿಸುತ್ತೇನೆ ಎಂದರು.

“ಹ್ವಾಯ್ ಶೆಟ್ರೆ,” ಎಂದರು ಮಯ್ಯರು, ಪಕ್ಕೆ ಹಿಡಿದುಕೊಂಡು. “ಕಳ್ಳ ಅಂದೇಳಿ ಹೊರ್ಗ್ ಹಾಕೂಕ್ ಕಂಡ್ರಿ. ಈಗ ರೋಗಿ ಅಂದೇಳಿ ಹಾಕ್ತ್ರಿಯಾ? ನಾ ಹೋತಿಲ್ಲೆ.”

“ಎಲುಬ್ ಮುರಿತ್ತ್ ಮಯ್ಯರೆ.”

“ಮುರಿಲಿ. ಎತ್ತುದ್ ಬೇರೆಯರ್ ಎತ್ಲಿ, ನಾ ಕೂಕಂಡ್ ಬೇಯಿಸ್ತೆ. ಮದ್ರಾಸಿಗೂ ಹೋತೆ. ಅದ್ಕ್ ಮೊದ್ಲ್, ಎಲ್ಲಿ ನಿಂತ್ ನಂಗ್ ಕಳ್ಳ ಅಂದ್ರ್ಯೊ, ಅಲ್ಲೇ ನಿಂತ್ ಅಲ್ಲ ಅಂದೇಳಿ ಹೇಳ್ಕ್ ನೀವು.”

ಮುಂದಿನ ಸೋಮವಾರ ಎಲೆ ಹಾಕಿ ಆಗಿತ್ತು, ಅನ್ನ ಬಂದಿರಲಿಲ್ಲ. ಶೆಟ್ಟರು ಪಂಕ್ತಿಯ ಎದುರು ನಿಂತು, ಮಯ್ಯರು ಕದ್ದಿಲ್ಲ, ತಪ್ಪು ತನ್ನದು ಎಂದರು. ಯಾರೂ ಎಲೆಯಿಂದ ತಲೆ ಎತ್ತಲಿಲ್ಲ. ಅಡುಗೆಮನೆಯೊಳಗೆ, ಎದೆಗೆ ಪಟ್ಟಿ ಸುತ್ತಿಕೊಂಡು ಒಲೆಯ ಪಕ್ಕದ ಮಣೆಯ ಮೇಲೆ ಕೂತಿದ್ದ ಮಯ್ಯರ ದನಿ ಬಂತು:

“ಇನ್ನೊಂದ್ ಸಲ ಹೇಳಿ ಶೆಟ್ರೆ. ಕಡೆ ಸಾಲಿಗೆ ಕೇಂತಿಲ್ಲ.”

ಶೆಟ್ಟರು ದನಿ ಎತ್ತರಿಸಿ ಇನ್ನೊಮ್ಮೆ ಹೇಳಿದರು. ಆಮೇಲೆ ಮಯ್ಯರು ಅನ್ನ ಬಡಿಸಲು ಅಪ್ಪಣೆ ಕೊಟ್ಟರು.