ಆರು ಬಳೆಗಳ ಡೈರಿ ಹುಡುಕಿ ಯಲ್ಲಾಪುರಕ್ಕೆ

ಸಿದ್ದಾಪುರದಿಂದ ಹೊರಟಾಗ ಇಬ್ಬನಿ ಬೀಳುತ್ತಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಬಹುಶಃ ಬೀಳುತ್ತಿರಲಿಲ್ಲ. ಪ್ರವಾಸದ ಮೊದಲ ಸಾಲಿಗೆ ಇಬ್ಬನಿ ಒಪ್ಪುತ್ತದೆ, ಅಷ್ಟೆ. ಚಳಿ ಇದ್ದದ್ದು ನಿಜ. ಶಿರಸಿಯ ಮೋಟಾರಿನಲ್ಲಿ ಹಿಂದಿನ ಹಲಗೆಯೇ ಸಿಕ್ಕಿದ್ದು ನಿಜ. ತೊಡೆಯ ಮೇಲೆ, ಎರಡು ರಟ್ಟುಗಳ ನಡುವೆ ತೊಗಲಿನ ಪಟ್ಟಿಯಿಂದ ಬಿಗಿದ ಬಿಡಿ ಹಾಳೆಗಳ ಕಟ್ಟು ಇತ್ತು.

ಹಳೆಯ ದಿನಚರಿಗಳನ್ನೂ ಜೇಬಿನ ಡೈರಿಗಳನ್ನೂ ಕೂಡಿಹಾಕುವ ಹುಚ್ಚು ನನಗಿದೆ. ಈ ಹಾಳೆಗಳು ಹುಬ್ಬಳ್ಳಿಯ ಒಂದು ಹರಾಜಿನಲ್ಲಿ ಸಿಕ್ಕಿದ್ದವು. ಏನೂ ಬರೆಯದ ವಿಲಾಯತಿ ಕಾಗದ, ಅಂಚಿನಲ್ಲಿ ಆರು ತೂತು, ತಾರೀಖು ನಾವೇ ಹಾಕಿಕೊಳ್ಳಬೇಕು. ಇವನ್ನು ಹಿಡಿಯುವ ಚರ್ಮದ ಹೊದಿಕೆ ಮತ್ತು ಅದರೊಳಗಿನ, ತೆರೆದು ಮುಚ್ಚುವ ಹಿತ್ತಾಳೆ ಬಳೆಗಳು ಮಾತ್ರ ಇರಲಿಲ್ಲ. ಹೊಲಿದ ಡೈರಿಯನ್ನು ನಾನು ನಂಬುವುದಿಲ್ಲ. ಅದು ಸೋಮವಾರದ ಹಿಂದೆ ಮಂಗಳವಾರವನ್ನೇ ತರುತ್ತದೆ. ನನ್ನ ತಲೆಯೊಳಗೆ ದಿನಗಳು ಹಾಗೆ ಬರುವುದಿಲ್ಲ. ಬಳೆಯ ಡೈರಿಯಲ್ಲಾದರೆ ದಿನವನ್ನು ಬಿಚ್ಚಿ ಬೇಕಾದಲ್ಲಿ ಸೇರಿಸಬಹುದು. ಆದರೆ ಬಳೆಯಿಲ್ಲದ ಹಾಳೆಗಳು ನಿಲ್ಲುತ್ತಿರಲಿಲ್ಲ. ಅವುಗಳಲ್ಲಿ ನಾನು ಬರೆದಿದ್ದ ಹೋದ ಮಳೆಗಾಲದ ದಿನಚರಿಯೆಲ್ಲ ಕಿಟಕಿಯಿಂದ ಹಾರಿ ಬಾವಿಗೆ ಬಿದ್ದಿತ್ತು. ಇನ್ನೊಂದು ಮಳೆಗಾಲವನ್ನು ಹಾಗೆ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಶಿರಸಿಯಲ್ಲಿ, ನನಗೆ ಬರಹೇಳಿದ್ದ ಹೆಗಡೆಕಟ್ಟಾದ ಗೆಳೆಯ ಸುಬ್ರಾಯ ಕಾದಿದ್ದ. ಅವಲಕ್ಕಿ ಮೊಸರು ತಿನ್ನಿಸುತ್ತ ಸುದ್ದಿ ಹೇಳಿದ.

"ಯಲ್ಲಾಪುರದ ಹುಸೇನ್ ಸಾಬ್ರ ಹತ್ರ ಬಳೆ ಡೈರಿ ಇದ್ದಡ. ಮರದ ವ್ಯಾಪಾರಿ ಒಬ್ಬ ಬಿಟ್ಟಿಕ್ಕಿ ಹೋದ್ದು. 'ಹಳೇ ಪುಸ್ತಕ ತಗಳವ ಬತ್ತ' ಹೇಳಿ ಸಾಬ್ರಿಗೆ ಆನು ಸುದ್ದಿ ಕಳಿಸಿದ್ದಿ."

"ಬೇರೆಯವರಿಗೆ ಕೊಟ್ಟುಬಿಟ್ಟರೆ?"

"ಹರಕು ಡೈರಿಗೆ ಮೂವತ್ತು ಮೈಲಿ ಹೋಪವ ನಿನ್ನ ಬಿಟ್ರೆ ಮತ್ತೊಬ್ಬ ಇಲ್ಲೆ, ಮಾರಾಯ!"

ಯಲ್ಲಾಪುರಕ್ಕೆ ಹದಿನಾಲ್ಕಾಣೆ. ಕಂಡಕ್ಟರು ದಾಸನಕೊಪ್ಪದವನು, ಬಸಪ್ಪ. ದಾರಿಯುದ್ದ ಕೆಂಪು ಧೂಳು; ಅದು ಇನ್ನೂ ನನ್ನ ಕೋಟಿನ ಜೇಬಿನಲ್ಲಿದೆ.

ಹುಸೇನ್ ಸಾಬರದು ಎತ್ತಿನ ಗಾಡಿಗಳ ಬಾಡಿಗೆ ವ್ಯವಹಾರ. ನನ್ನನ್ನು ಕಂಡ ಕೂಡಲೇ ತಕ್ಕಡಿ ತೆಗೆದರು.

"ಬನ್ನಿ, ಬನ್ನಿ! ನಿಮ್ಮ ಮಾಲು ತಯಾರಿದೆ."

ಬಾಳೆನಾರಿನಲ್ಲಿ ಬಿಗಿದ ಒಂದು ಕಟ್ಟನ್ನು ಮುಂದಿಟ್ಟರು. ಯಾರದೋ ಮರಗಳ ಅಳತೆ ಬರೆದ ಹಾಳೆಗಳು. ಹೊದಿಕೆ ಇಲ್ಲ, ಬಳೆ ಇಲ್ಲ.

"ಇದರ ಚರ್ಮ ಎಲ್ಲಿ ಸಾಬರೇ?"

"ನೀವು ಬರ್ತೀರಂತ ನಾನೇ ಕಿತ್ತು ತೆಗ್ದೆ! ರಟ್ಟು ಇದ್ರೆ ರದ್ದಿಯವ್ರು ತೂಕದಲ್ಲಿ ಜಗಳ ಆಡ್ತಾರೆ. ನನ್ನ ಹತ್ರ ಆ ಮೋಸ ಇಲ್ಲ ನೋಡಿ."

ಸುಬ್ರಾಯನ ಸುದ್ದಿ ಕೇಳಿ, ಪೊಟ್ಟಣ ಕಟ್ಟಲು ಹಳೆಯ ಕಾಗದ ಕೊಳ್ಳುವವನೆಂದು ಅವರು ನನ್ನನ್ನು ತಿಳಿದಿದ್ದರು. ನನಗೆ ಬೇಕಾದದ್ದು ಆ ಹೊದಿಕೆಯೇ ಎಂದು ಹೇಳಿ, ನನ್ನ ಹಾಳೆಗಳ ತೂತು ತೋರಿಸಿದೆ.

ಪರದೆಯ ಹಿಂದಿನಿಂದ ಅವರ ಹೆಂಡತಿಯ ದನಿ ಬಂತು: "ಬಂದವ್ರನ್ನ ಕೇಳಿ ಆಮೇಲೆ ಕೀಳಿ ಅಂದೆ. ನನ್ನ ಮಾತು ಯಾರು ಕೇಳ್ತಾರೆ! ಎತ್ತುಗಳಾದ್ರೂ ಕೇಳ್ತಾವೆ."

ಸಾಬರು ಗಡ್ಡ ಕೆರೆದುಕೊಂಡರು. "ಮೊನ್ನೆ ಮೋಟಾರಿನ ಬಸಪ್ಪ ಟಿಕೀಟು ಇಡೋಕೆ ಕೇಳ್ದ, ಕೊಟ್ಟುಬಿಟ್ಟೆ. ನೀವು ಬಂದ್ರಲ್ಲ, ಅದೇ ಮೋಟಾರು. ಓಡಿ, ಇನ್ನೂ ಹೊರಟಿರಲಿಕ್ಕಿಲ್ಲ!"

ಓಡಿದೆ. ಬರುವಾಗ ಬಸಪ್ಪನ ಕಂಕುಳಲ್ಲಿ ಆ ಕಂದು ಚರ್ಮವನ್ನು ಕಂಡಿದ್ದೆನೇ? ಕಂಡಿದ್ದೆ ಎನ್ನುತ್ತದೆ ನೆನಪು. ಅದು ಓಡುವಾಗ ಹುಟ್ಟಿದ ನೆನಪಿರಬೇಕು.

ಬಸಪ್ಪ ಮೋಟಾರಿಗೆ ನೀರು ಹಾಕಿಸುತ್ತಿದ್ದ. ಕಂಕುಳಲ್ಲಿ ಅದೇ ಇತ್ತು. ಏದುಸಿರಿನಲ್ಲೇ ಕೇಳಿದೆ.

"ಇದು ಬೇಕೇನ್ರಿ ನಿಮಗ? ಒಯ್ಯರಿ, ಪುಣ್ಯಾ ಬರ್ತೈತಿ! ಇದು ಡೈರಿ ಅಲ್ರಿ, ಬೆಕ್ಕು. ಮೋಟಾರು ಕುಣಿದಾಗೊಮ್ಮೆ ಬಾಯಿ ತಗೀತೈತಿ, ಮುಚ್ಚಾಕ ಹೋದ್ರ ಬೆರಳು ಕಚ್ಚತೈತಿ." ಆಮೇಲೆ ಅನುಮಾನ ಬಂತು. "ಆದ್ರ ನಾ ಟಿಕೀಟು ಎದರಾಗ ಇಡಲಿ?"

ನನ್ನ ಕಟ್ಟನ್ನು ಬಿಚ್ಚಿ, ಎರಡು ರಟ್ಟುಗಳನ್ನೂ ಪಟ್ಟಿಯನ್ನೂ ಅವನಿಗೆ ಕೊಟ್ಟೆ. ಟಿಕೀಟುಗಳನ್ನು ನಡುವೆ ಇಟ್ಟು, ಪಟ್ಟಿ ಬಿಗಿದು, ತಲೆಕೆಳಗೆ ಮಾಡಿ ಅಲ್ಲಾಡಿಸಿದ. ಒಂದೂ ಬೀಳಲಿಲ್ಲ. "ಎಪ್ಪಾ, ಬದುಕಿದೆ," ಎಂದ.

ನಾನಿನ್ನೂ ಬದುಕಿರಲಿಲ್ಲ. ಆರು ಬಳೆ ಇದ್ದವು ನಿಜ. ಅವುಗಳ ನಡುವಣ ಅಂತರ ನನ್ನ ಹಾಳೆಗಳ ತೂತುಗಳಿಗೆ ಕೂಡಬೇಕಲ್ಲ? ಅದೇ ಮೋಟಾರು ಶಿರಸಿಗೆ ಹೊರಟ ಮೇಲೆ ಮೊದಲ ಹಾಳೆಯನ್ನು ಬಳೆಗಳಿಗೆ ಇಳಿಸಿದೆ. ಕೂತಿತು. ಎರಡನೆಯದೂ ಕೂತಿತು. ಕಟ್ಟು ಬಿಚ್ಚುವ ಗಡಿಬಿಡಿಯಲ್ಲಿ ತಿಂಗಳುಗಳು ಕಲಸಿಹೋಗಿದ್ದವು. ಯುಗಾದಿಯ ಪಕ್ಕದಲ್ಲಿ ದೀಪಾವಳಿ ಬಂತು. ಹಾಗೇ ಬಿಟ್ಟೆ. ಪಕ್ಕದ ಮುದುಕ "ಎಂತ, ಜಾತಕವಾ?" ಎಂದ. ಹೌದೆಂದೆ. ಎದೆಯ ಮೇಲಿನ ಮೂಟೆ ಇಳಿಸಿದಂತಾಗಿ ಸುಮ್ಮನೆ ನಗು ಬರುತ್ತಿತ್ತು.

ಶಿರಸಿ ಹತ್ತಿರವಾಗುವಾಗ ಮೋಟಾರು ಗುಂಡಿಗೆ ಇಳಿದು ಕುಣಿಯಿತು. ಬಳೆಗಳು ಬಾಯಿ ತೆರೆದವು. ಅವಸರದಿಂದ ಮುಚ್ಚಿದೆ, ಹೆಬ್ಬೆರಳು ಸಿಕ್ಕಿಕೊಂಡಿತು.

"ಕಚ್ಚಿತೇನ್ರಿ?" ಎಂದು ಬಸಪ್ಪ ಮುಂದಿನಿಂದ ಕೂಗಿದ. ಅವನ ದನಿಯಲ್ಲಿ ತುಂಬ ಸಂತೋಷವಿತ್ತು.

ಹಾಳೆಗಳು ಮಾತ್ರ ಒಂದೂ ಹಾರಲಿಲ್ಲ. ಸಿದ್ದಾಪುರದ ಮನೆಯಲ್ಲಿ ಕಿಟಕಿ ತೆರೆದಿಟ್ಟು, ಊದಿದ ಬೆರಳಿನಿಂದಲೇ ಇದನ್ನು ಬರೆದಿದ್ದೇನೆ. ಗಾಳಿ ಬರುತ್ತಿದೆ.