ಶ್ಯಾಮಲಮ್ಮನ ಗೋಡೆ

ನಂಗಲಿಯ ಶ್ಯಾಮಲಮ್ಮನ ಹೋಟೆಲಿಗೆ ಹೆಸರಿಲ್ಲ, ಬೋರ್ಡೂ ಇಲ್ಲ. ಮುದ್ದೆ, ಸೊಪ್ಪಿನ ಸಾರು, ಅನ್ನ, ಬೇಕೆಂದವರಿಗೆ ಮೊಟ್ಟೆ, ಅಷ್ಟೇ ಅಲ್ಲಿ ಸಿಗುವುದು. ಆದರೂ ಕೋಲಾರದಲ್ಲಿ ಟೊಮೆಟೊ ತುಂಬಿಕೊಂಡು ಚೆನ್ನೈ ಕಡೆಗೆ ಹೊರಟ ಲಾರಿಗಳಲ್ಲಿ ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತವೆ. ಮುದ್ದೆಗಾಗಿ ನಿಲ್ಲುತ್ತವೆ ಅಂದುಕೊಂಡಿರೋ, ನಿಮ್ಮಷ್ಟು ಪೆದ್ದರು ಬೇರೆ ಇಲ್ಲ. ಮುದ್ದೆ ಮುಳಬಾಗಿಲಿನಲ್ಲೂ ಸಿಗುತ್ತದೆ. ಡ್ರೈವರುಗಳು ನಿಲ್ಲುವುದು ಗೋಡೆಗಾಗಿ.

ಹೋಟೆಲಿನ ಪಕ್ಕದ ಗೋಡೆ ಅದು, ಕೈ ತೊಳೆಯುವ ನಲ್ಲಿಯ ಹತ್ತಿರ. ಬಿಳಿ ಸುಣ್ಣದ ಮೇಲೆ ನೀಲಿ ಪೇಂಟಿನಲ್ಲಿ ಹೆಸರು, ಕೆಲಸ, ಫೋನ್ ನಂಬರು. ಪಂಕ್ಚರ್ ಹಾಕುವವನು, ರೇಡಿಯೇಟರ್ ಬೆಸುಗೆಯವನು, ಕ್ರೇನಿನವನು, ಟಾರ್ಪಾಲು ಹೊಲಿಯುವವನು, ಎದೆನೋವು ಬಂದರೆ ಕರೆದ ಕೂಡಲೇ ಬರುವ ಡಾಕ್ಟರು, ಹಾವು ಹಿಡಿಯುವವನು ಕೂಡ. ಎಲ್ಲವೂ ಕನ್ನಡದಲ್ಲೊಂದು ಸಲ, ತೆಲುಗಿನಲ್ಲೊಂದು ಸಲ. ಹದಿನಾಲ್ಕು ವರ್ಷದಿಂದ ಶ್ಯಾಮಲಮ್ಮ ತನ್ನ ಕೈಯಾರೆ ಬರೆದದ್ದು. ಗಂಡ ಚನ್ನರಾಯಪ್ಪ ರಾಗಿ, ಹಿಪ್ಪುನೇರಳೆ ಅಂತ ಊರಲ್ಲಿ ಹೊಲದಲ್ಲೇ ಇರುತ್ತಾನೆ. ಹೋಟೆಲೂ ಗೋಡೆಯೂ ಪೂರ್ತಿ ಇವಳ ಪಾಲು.

ಆ ಗೋಡೆಯ ಮೇಲೆ ಹೆಸರು ಹತ್ತಬೇಕಾದರೆ ಸುಮ್ಮನೆ ಅಲ್ಲ. ಒಬ್ಬರಿಗೊಬ್ಬರು ಗುರುತಿಲ್ಲದ ಮೂವರು ಡ್ರೈವರುಗಳು ಬೇರೆ ಬೇರೆ ದಿನ ಬಂದು, "ಅಕ್ಕಾ, ಅವನು ನಿಯತ್ತಾಗಿ ಕೆಲಸ ಮಾಡ್ದ" ಅನ್ನಬೇಕು. "ಮೂರು ಬಾಯಲ್ಲಿ ಬರ್ಲಿ" ಎನ್ನುತ್ತಿದ್ದಳು ಆಕೆ. ಆಮೇಲೆ ಆ ಮನುಷ್ಯ ಖುದ್ದು ಬಂದು ಅವಳ ಮುಂದೆ ಕೂತು ಒಂದು ಊಟ ಮಾಡಬೇಕು. ಆಗ ಅವಳು ಅವನ ಹೆಂಡತಿ ಮಕ್ಕಳ ಸಮಾಚಾರ ಕೇಳುತ್ತಾಳೆ, ತನ್ನದನ್ನೂ ಹೇಳುತ್ತಾಳೆ. ಅದಾದ ಮೇಲೆಯೇ ಬ್ರಷ್ಷು ಹಿಡಿಯುವುದು. ಹೀಗೆ ಗೋಡೆ ಹತ್ತಿದವರು ಬರೀ ನಂಬರುಗಳಾಗಿ ಉಳಿಯಲಿಲ್ಲ. ಕ್ರೇನಿನವನ ಮಗಳ ಮದುವೆಗೆ ಟಾರ್ಪಾಲಿನವನು ಎರಡು ದಿನ ಮೊದಲೇ ಹೋಗಿ ಪೆಂಡಾಲು ಹಾಕಿಸಿದ. ಗೋಡೆಗೆ ಮುಂಚೆ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

ದೂರು ಬಂದರೆ, ಅದು ನಿಜವಾದರೆ, ಹೆಸರಿನ ಮೇಲೆ ಕೆಂಪು ಗೀಟು. ಅಳಿಸುವುದಿಲ್ಲ. "ಅಳಿಸಿದ್ರೆ ಜನ ಮರ್ತೋಗ್ತಾರೆ, ಇರ್ಲಿ" ಎನ್ನುತ್ತಾಳೆ.

ಗೋಡೆಯ ಮೇಲಿನ ಮೊಟ್ಟಮೊದಲ ಹೆಸರಿಗೇ ಕೆಂಪು ಗೀಟಿದೆ. ಸುಬ್ರಮಣಿ, ಲಾರಿ ಮೆಕ್ಯಾನಿಕ್, ಮುಳಬಾಗಿಲು. ಅವನು ಶ್ಯಾಮಲಮ್ಮನ ಒಡಹುಟ್ಟಿದ ತಮ್ಮ.

ಆದದ್ದು ಇಷ್ಟು. ಪಲಮನೇರಿನ ಆಂಜಿ ಎಂಬ ಡ್ರೈವರು ಗೋಡೆ ನೋಡಿ ಸುಬ್ರಮಣಿಯ ಗ್ಯಾರೇಜಿನಲ್ಲಿ ಬ್ರೇಕಿಗೆ ಹೊಸ ಲೈನರ್ ಹಾಕಿಸಿದ. ನಾಲ್ಕನೇ ದಿನ ಮೊಗಿಲಿ ಘಾಟಿನ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಆಂಜಿ ಗಾಡಿಯನ್ನು ಗುಡ್ಡಕ್ಕೆ ಉಜ್ಜಿ ಹೇಗೋ ನಿಲ್ಲಿಸಿ ಬದುಕಿಕೊಂಡ, ಬಲಗೈ ಮಾತ್ರ ಎರಡು ಕಡೆ ಮುರಿಯಿತು. ಸುದ್ದಿ ಕೇಳಿದ ಶ್ಯಾಮಲಮ್ಮ ಒಲೆ ಆರಿಸಿ ಬಸ್ಸು ಹತ್ತಿ ಗ್ಯಾರೇಜಿಗೆ ಹೋದಳು.

"ಆಂಜಿ ಗಾಡಿ ಏನಾಯ್ತೋ ಸುಬ್ಬು?" ಎಂದಳು, ಅಷ್ಟೇ.

"ಲೈನರ್ ಹೊಸದೇ ಕಣಕ್ಕಾ ನಾನು ಹಾಕಿದ್ದು!" ಎಂದ ಸುಬ್ರಮಣಿ.

ಲೈನರಿನ ಮಾತು ಅವಳ ಬಾಯಲ್ಲಿ ಬಂದೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಹೊಸದರ ದುಡ್ಡು ತೆಗೆದುಕೊಂಡು ಹಳೆಯದನ್ನೇ ಹಾಕಿದ್ದಾನೆ ಅಂತ ಅವಳಿಗೆ ಗೊತ್ತಾಯಿತು. ಶ್ಯಾಮಲಮ್ಮ ವಾಪಸು ಬಂದು, ಕೆಂಪು ಪೇಂಟಿನ ಡಬ್ಬಿ ತೆರೆದು, ಅಷ್ಟೂ ಗಿರಾಕಿಗಳ ಎದುರಿಗೆ ತಮ್ಮನ ಹೆಸರಿನ ಮೇಲೆ ಗೀಟು ಎಳೆದಳು. ಎಳೆದು ಅತ್ತಳು. ಹೊಗೆ ಅಂತ ನೆಪ ಹೇಳಲಿಲ್ಲ, ಎಲ್ಲರಿಗೂ ಕಾಣುವಂತೆಯೇ ಅತ್ತಳು. ಆ ವರ್ಷ ಯುಗಾದಿಗೆ ತವರಿನಿಂದ ಕರೆ ಬರಲಿಲ್ಲ. ಗೌರಿ ಹಬ್ಬಕ್ಕೆ ಬಾಗಿನವೂ ಬರಲಿಲ್ಲ.

ಇಂಥ ಗೋಡೆಯ ಮೇಲೆ ಅಮರನಾಥನ ಕಣ್ಣು ಬಿತ್ತು.

ಅಮರನಾಥ್ ಕೋಲಾರದಲ್ಲಿ ಸೈಟು ಮಾರುವವನು. ಅದರ ಜೊತೆಗೆ ಒಂದು ಬಿಸಿನೆಸ್ ಬಳಗದ ಅಧ್ಯಕ್ಷ. ಕಾರಿನಲ್ಲಿ ಬಂದು ಇಳಿದು ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, "ಅಮ್ಮಾ, ನೀವು ಮಾಡ್ತಿರೋದು ನೆಟ್‌ವರ್ಕಿಂಗು! ನಿಮಗೇ ಗೊತ್ತಿಲ್ದೆ ಮಾಡ್ತಿದೀರ! ಗುರುವಾರ ನಮ್ಮ ಮೀಟಿಂಗಿಗೆ ಬನ್ನಿ" ಎಂದ. ಒಂದು ಕಾರ್ಡು ಕೊಟ್ಟ. ಮುದ್ದೆ ತಿನ್ನುತ್ತೀರಾ ಅಂದರೆ ಶುಗರ್ ಇದೆ ಅಂದ. ಶುಗರ್ ಇದ್ದವರಿಗೇ ಡಾಕ್ಟರು ಮುದ್ದೆ ತಿನ್ನು ಅನ್ನುವುದು. ಹೋಗಲಿ ಬಿಡಿ.

ಗುರುವಾರ ಶ್ಯಾಮಲಮ್ಮ ರೇಷ್ಮೆ ಸೀರೆ ಉಟ್ಟು, ಬಸ್ಸಿನಲ್ಲಿ ಕೋಲಾರಕ್ಕೆ ಹೋದಳು. ಲಾಡ್ಜೊಂದರ ಹಾಲಿನಲ್ಲಿ ಮೂವತ್ತೊಂದು ಜನ ಕೂತಿದ್ದರು, ಎಲ್ಲರ ಎದೆಯ ಮೇಲೂ ಹೆಸರಿನ ಬಿಲ್ಲೆ. ಒಬ್ಬೊಬ್ಬರಾಗಿ ಎದ್ದು ಒಂದೊಂದು ನಿಮಿಷ ತಮ್ಮನ್ನು ತಾವೇ ಹೊಗಳಿಕೊಂಡರು. ಆಮೇಲೆ ಒಬ್ಬರು ಇನ್ನೊಬ್ಬರನ್ನು ಹೊಗಳಿದರು. ವಾರಕ್ಕೆ ಇಬ್ಬರನ್ನಾದರೂ ಶಿಫಾರಸು ಮಾಡಲೇಬೇಕು ಎನ್ನುವುದು ಬಳಗದ ನಿಯಮವಂತೆ. ಪಕ್ಕದಲ್ಲಿ ಕೂತಿದ್ದ ಬಟ್ಟೆ ಅಂಗಡಿಯವರು ಎದ್ದು, ಎಸಿ ರಿಪೇರಿ ಮಾಡುವವರೊಬ್ಬರನ್ನು ಬಾಯ್ತುಂಬ ಹೊಗಳಿ ಕೂತರು.

ಶ್ಯಾಮಲಮ್ಮ ಅವರ ಕಡೆ ಬಾಗಿ ಮೆಲ್ಲಗೆ ಕೇಳಿದಳು. "ಚೆನ್ನಾಗಿ ಮಾಡ್ಕೊಟ್ರಾ ಸಾರ್ ನಿಮ್ಮ ಎಸೀನ?"

"ನಮ್ಮಲ್ಲಿ ಎಸಿ ಇಲ್ಲಮ್ಮ" ಎಂದರು ಅವರು. ಪಾಪ, ಸುಳ್ಳು ಹೇಳುವ ಮನುಷ್ಯನಲ್ಲ.

"ಮತ್ತೆ?"

"ಹೋದ್ವಾರ ಅವರು ನನ್ ಹೆಸರು ಹೇಳಿದ್ರು. ಹೇಳ್ದೆ ಇದ್ರೆ ಚೆನ್ನಾಗಿರಲ್ವಲ್ಲ."

ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ಜಾಗವಿಲ್ಲ ಅಂತ ಹಿರಿಯರು ಸುಮ್ಮನೆ ಅಂದರೇ? ಶ್ಯಾಮಲಮ್ಮನಿಗೆ ನಗು ಬಂತು. ಆ ನಗು ಮುಗಿಯುವ ಮೊದಲೇ ಹಿಂದಿನ ಸಾಲಿನಿಂದ ಇಸ್ತ್ರಿ ಮಾಡಿದ ಅಂಗಿಯವನೊಬ್ಬ ಎದ್ದು ನಿಂತ. ಎದೆಯ ಮೇಲೆ ಬಿಲ್ಲೆ: ಸುಬ್ರಮಣಿ, ಹೆವಿ ವೆಹಿಕಲ್ ಸ್ಪೆಷಲಿಸ್ಟ್. ಅಕ್ಕನನ್ನು ನೋಡಿ ತಮ್ಮನ ಮಾತು ಅರ್ಧಕ್ಕೇ ನಿಂತಿತು. ಅವನನ್ನು ಹೊಗಳಲು ಮಾತ್ರ ಮೂರು ಜನ ಎದ್ದರು. ಆ ಮೂವರ ಹತ್ತಿರವೂ ಲಾರಿ ಇರಲಿಲ್ಲ.

ಮೀಟಿಂಗು ಮುಗಿದ ಮೇಲೆ ಬಳಗದವರು ಅವಳ ಕೈಗೆ ಕಾರ್ಡು ಕೊಟ್ಟರು, ಅಮರನಾಥ್ ವಿಷಯ ಹೇಳಿದ. ಬಳಗದ ಮೂವತ್ತೊಂದು ಜನರ ಫೋಟೊ, ನಂಬರು ಇರುವ ದೊಡ್ಡ ಫ್ಲೆಕ್ಸು. ಅದು ಶ್ಯಾಮಲಮ್ಮನ ಗೋಡೆಗೆ.

"ಸಾರ್, ಒಬ್ಬನ್ನ ಬಿಟ್ರೆ ಇವರು ಯಾರೂ ನನಗೆ ಗೊತ್ತಿಲ್ಲ" ಎಂದಳು ಶ್ಯಾಮಲಮ್ಮ.

"ಗೊತ್ತು ಮಾಡ್ಕೊಳೋಕೆ ತಾನೇ ಅಮ್ಮ ಕಾರ್ಡು ಕೊಟ್ಟಿರೋದು!"

"ಕಾರ್ಡು ನೋಡಿದ್ರೆ ಪ್ರೆಸ್ಸಿನೋನು ಗೊತ್ತಾಗ್ತಾನೆ ಸಾರ್, ಮನುಷ್ಯ ಗೊತ್ತಾಗಲ್ಲ. ಒಬ್ಬೊಬ್ಬರಾಗಿ ನಂಗಲಿಗೆ ಬರ್ಲಿ. ಉಣ್ಲಿ, ಕೆಲಸ ಮಾಡಿ ತೋರಿಸ್ಲಿ. ಮೂರು ಬಾಯಲ್ಲಿ ಬಂದ್ರೆ ನಾನೇ ಬರೀತೀನಿ, ಬಿಟ್ಟಿಯಾಗಿ."

ಅಮರನಾಥ್ ನಕ್ಕ, ಬೆನ್ನು ತಟ್ಟುವವನ ಹಾಗೆ. ಅವಳನ್ನು ಬಿಟ್ಟು ನೇರವಾಗಿ ಮುನಿಯಲ್ಲಪ್ಪನ ಹತ್ತಿರ ಹೋದ. ಮುನಿಯಲ್ಲಪ್ಪ ಹೋಟೆಲಿನ ಕಟ್ಟಡದ ಯಜಮಾನ. ಅದೇ ಸಾಲಿನಲ್ಲಿ ಅವನದೇ ಬೀಡಾ ಅಂಗಡಿ, ಸ್ಪೇರ್ ಪಾರ್ಟ್ಸ್ ಅಂಗಡಿ ಇವೆ. ಗೋಡೆಗೆ ಬಾಡಿಗೆ ಬರುತ್ತದೆ ಅಂದರೆ ಯಾರು ಬಿಡುತ್ತಾರೆ?

"ಗೋಡೆ ನಂದಮ್ಮ. ನಿಂಗೆ ಬಾಡಿಗೆ ಕೊಟ್ಟಿರೋದು ಒಳಗಿನ ಜಾಗ" ಎಂದ ಮುನಿಯಲ್ಲಪ್ಪ. "ಫ್ಲೆಕ್ಸು ಬೇಡ ಅಂದ್ರೆ ತಿಂಗಳ ಕೊನೆಗೆ ಖಾಲಿ ಮಾಡ್ಬಿಡು."

ಮಾತು ನ್ಯಾಯವೇ. ಗೋಡೆ ಅವನದೇ. ಆದರೆ ಅಲ್ಲಿ ಹದಿನಾಲ್ಕು ವರ್ಷದಿಂದ ನಿಂತಿದ್ದದ್ದು ಸುಣ್ಣವಲ್ಲ, ಶ್ಯಾಮಲಮ್ಮನ ಮಾತು. ಗೋಡೆಯ ಮೇಲೆ ಏನಿದ್ದರೂ ಡ್ರೈವರುಗಳು ಅದನ್ನು ಅವಳೇ ಹೇಳಿದಳು ಅಂತ ನಂಬುತ್ತಾರೆ. ಫ್ಲೆಕ್ಸಿನಲ್ಲಿ ಸುಬ್ರಮಣಿಯ ನಗುಮುಖ ನೋಡಿ ಇನ್ನೊಬ್ಬ ಆಂಜಿ ಗಾಡಿ ಬಿಡುತ್ತಾನೆ. ಅವನು ಘಾಟಿನಲ್ಲಿ ಬದುಕುತ್ತಾನೆ ಅಂತ ಯಾರು ಬರೆದುಕೊಟ್ಟಿದ್ದಾರೆ? ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಮುನಿಯಲ್ಲಪ್ಪನಿಗೆ ಹೇಳಿ ಕಳಿಸಿದಳು, "ಹಾಕ್ಸು ಅಣ್ಣಾ, ನಾನು ಅಡ್ಡ ಬರಲ್ಲ."

ಎಲ್ಲರೂ ಶ್ಯಾಮಲಮ್ಮ ಬಗ್ಗಿದಳು ಅಂದುಕೊಂಡರು. ಬಗ್ಗುವ ಜಾತಿಯೇ ಅದು? ಸೋಮವಾರ ಬೆಳಗ್ಗೆ ಕಬ್ಬಿಣದ ಚೌಕಟ್ಟು ಬಂತು, ಫ್ಲೆಕ್ಸು ಏರಿತು. ಹದಿನಾಲ್ಕು ವರ್ಷದ ನೀಲಿ ಅಕ್ಷರವೆಲ್ಲ ಅದರ ಹಿಂದೆ ಮುಚ್ಚಿಹೋಯಿತು. ಎರಡನೇ ಸಾಲಿನಲ್ಲಿ ಸುಬ್ರಮಣಿ ಹಲ್ಲು ಕಿರಿಯುತ್ತಿದ್ದ. ಕೆಳಗೆ ನೆಲದ ಹತ್ತಿರ ಒಂದೂವರೆ ಅಡಿ ಗೋಡೆ ಬರಿದೇ ಉಳಿದಿತ್ತು. ಅಮರನಾಥ್ ಫೋಟೊ ತೆಗೆಸಿಕೊಂಡು, ಕೈ ಮುಗಿದು, ಕಾರು ಹತ್ತಿದ.

ಕಾರು ಮರೆಯಾಗುವುದನ್ನೇ ಕಾಯುತ್ತಿದ್ದ ಶ್ಯಾಮಲಮ್ಮ ಮಣೆ ಹಾಕಿಕೊಂಡು ಗೋಡೆಯ ಮುಂದೆ ಕೂತಳು. ನೀಲಿ ಪೇಂಟಿನಲ್ಲಿ, ಕನ್ನಡದಲ್ಲೊಂದು ಸಲ, ತೆಲುಗಿನಲ್ಲೊಂದು ಸಲ ಬರೆದಳು:

"ಈ ಬೋರ್ಡಿನಲ್ಲಿ ಇರುವವರಲ್ಲಿ ನನಗೆ ಒಬ್ಬನೇ ಗೊತ್ತು. ಅವನು ನನ್ನ ತಮ್ಮ. ಅವನ ಹತ್ತಿರ ಗಾಡಿ ಬಿಡಬೇಡಿ. ಇಂತಿ ಶ್ಯಾಮಲಮ್ಮ."

ಅಯ್ಯೋ, ಆಮೇಲೆ ನೋಡಬೇಕಿತ್ತು! ಕೈ ತೊಳೆಯಲು ಬಂದ ಡ್ರೈವರುಗಳು ಓದಿದರು, ನಕ್ಕರು, ಕೂತು ಫೋಟೊ ಹೊಡೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಆ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹಾರಿ ಕೋಲಾರ ಮುಟ್ಟಿತು. ಮಾರನೆಯ ದಿನ ಅಮರನಾಥ್ ಬಂದ, ಈ ಸಲ ಕೈ ಮುಗಿಯಲಿಲ್ಲ.

"ಏನಮ್ಮ ಇದು, ಮೂವತ್ತೊಂದು ಜನರ ಮಾನ ತೆಗೆದ್ರಲ್ಲ!"

"ನಿಮ್ಮ ಬೋರ್ಡಿಗೆ ನಾನು ಬೆರಳೂ ಸೋಕಿಸಿಲ್ಲ ಸಾರ್. ಗೊತ್ತಿಲ್ಲ ಅಂತ ಬರೆದಿದೀನಿ. ಗೊತ್ತಿಲ್ಲದೋರನ್ನ ಗೊತ್ತಿಲ್ಲ ಅನ್ನೋದು ಬೈಗುಳಾನಾ?"

"ಅಳಿಸ್ತೀಯೋ, ಇವತ್ತೇ ಖಾಲಿ ಮಾಡ್ತೀಯೋ?" ಎಂದು ಮುನಿಯಲ್ಲಪ್ಪ ಮುಂದೆ ಬಂದ.

ಶ್ಯಾಮಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಖಾಲಿ ಮಾಡ್ತೀನಣ್ಣಾ. ರಸ್ತೆ ಆ ಕಡೆ ನಾಲ್ಕು ಗಳ ನೆಟ್ಟು ಒಲೆ ಹಚ್ತೀನಿ. ಗೋಡೆ ನಿಂದು, ಇಟ್ಕೋ. ಲಾರಿ ಯಾರದು ಅಂತ ನಾಳೆ ನೋಡೋಣ."

ಮುನಿಯಲ್ಲಪ್ಪ ಸಾಲುಗಟ್ಟಿ ನಿಂತ ಲಾರಿಗಳನ್ನು ನೋಡಿದ. ತನ್ನ ಬೀಡಾ ಅಂಗಡಿ ನೋಡಿದ, ಸ್ಪೇರ್ ಪಾರ್ಟ್ಸ್ ಅಂಗಡಿ ನೋಡಿದ. ಊಟ ಮಾಡುತ್ತಿದ್ದ ಡ್ರೈವರುಗಳೆಲ್ಲ ಎಲೆಯಿಂದ ಕೈ ಎತ್ತಿ ಅವನನ್ನೇ ನೋಡುತ್ತಿದ್ದರು. ಖಾಲಿ ಮಾಡು ಅನ್ನುವುದನ್ನು ಅಲ್ಲಿಗೇ ಬಿಟ್ಟು ಬೀಡಾ ಅಂಗಡಿಯ ಕಡೆ ನಡೆದ. ಇತ್ತ ಬಳಗದ ಜನ, ಆ ಮೆಕ್ಯಾನಿಕ್‌ನ ಜೊತೆ ನಮ್ಮ ಮುಖ ಯಾಕೆ ಹಾಕಿಸಿದೆ ಅಂತ ಅಮರನಾಥನ ಮೇಲೆ ಬಿದ್ದರು. ಸುಬ್ರಮಣಿಯನ್ನು ಬಾಯ್ತುಂಬ ಹೊಗಳಿದ್ದ ಮೂವರೇ ಎಲ್ಲರಿಗಿಂತ ಮುಂದೆ. ಮೂರನೆಯ ದಿನ ಫ್ಲೆಕ್ಸು ಇಳಿಯಿತು. ಹಿಂದಿದ್ದ ನೀಲಿ ಹೆಸರುಗಳು ಒಂದೂ ಕೆಟ್ಟಿರಲಿಲ್ಲ.

ಅದೇ ವಾರ ಬಟ್ಟೆ ಅಂಗಡಿಯವರು ಬಸ್ಸಿನಲ್ಲಿ ಬಂದರು. ಲಾರಿಯವರಿಗೆ ನನ್ನಿಂದ ಏನೂ ಉಪಯೋಗವಿಲ್ಲ, ಸುಮ್ಮನೆ ಊಟಕ್ಕೆ ಬಂದೆ ಎಂದರು. ಎರಡು ಮುದ್ದೆ ಉಂಡರು. ಈಗ ತಿಂಗಳಿಗೊಮ್ಮೆ ಬರುತ್ತಾರೆ.

ಸುಬ್ರಮಣಿಯೂ ಬಂದ. ಕಣ್ಣು ಕೆಂಪಗಿತ್ತು.

"ಒಡಹುಟ್ಟಿದೋನ್ನ ಹಿಂಗೆ ಬೀದೀಲಿ ನಿಲ್ಲಿಸ್ತಾರಾ ಅಕ್ಕಾ? ಬೋರ್ಡು ಹೋಯ್ತಲ್ಲ, ಆ ಸಾಲಾದ್ರೂ ಅಳಿಸು."

"ಕೂತ್ಕೋ" ಎಂದಳು ಶ್ಯಾಮಲಮ್ಮ. ಎಲೆ ಹಾಕಿದಳು. ಮುದ್ದೆ ಬಡಿಸಿ, ಕೇಳದೆಯೇ ಎರಡು ಮೊಟ್ಟೆ ಹಾಕಿದಳು, ಅವನಿಗೆ ಚಿಕ್ಕಂದಿನಿಂದ ಅದೇ ಇಷ್ಟ. "ಊಟ ಅಕ್ಕಂದು, ಉಣ್ಣು. ಗೋಡೆ ಅಕ್ಕಂದಲ್ಲ ಕಣೋ, ಡ್ರೈವರುಗಳದ್ದು. ಅಲ್ಲಿ ನನ್ನ ದಾಕ್ಷಿಣ್ಯ ನಡೆಯಲ್ಲ. ನನ್ನ ಮಾತು ನಂಬಿ ಆಂಜಿ ನಿನ್ನ ಹತ್ರ ಬಂದ. ಅವನ ಕೈ ಮುರಿದಿದ್ದು ನೀನೊಬ್ಬನೇ ಅಲ್ಲ, ನಾನೂ ಮುರಿದೆ. ಹೋಗು, ಅವನ ಬಾಗಿಲಲ್ಲಿ ನಿಂತ್ಕೋ."

ಸುಬ್ರಮಣಿ ಅರ್ಧ ಎಲೆಯಲ್ಲೇ ಎದ್ದು ಹೋದ.

ಎರಡು ತಿಂಗಳಾಯಿತು. ಒಂದು ಮಧ್ಯಾಹ್ನ ಆಂಜಿಯ ಲಾರಿ ಬಂದು ನಿಂತಿತು. ಬಲಗೈ ಪೂರ್ತಿ ಮಡಚಲು ಬರುತ್ತಿರಲಿಲ್ಲ, ಎಡಗೈಯಲ್ಲೇ ಮುದ್ದೆ ಮುರಿದ. ಉಂಡು ಮುಗಿಸಿ ಕೈ ತೊಳೆದು, ಗೋಡೆಯ ಕೆಳಗಿನ ಸಾಲು ಓದಿದ.

"ನೀ ತಮ್ಮುಡು ವಚ್ಚಾಡು ಅಕ್ಕಾ" ಎಂದ. "ನಿನ್ ತಮ್ಮ, ಮನೆಗೇ ಬಂದ. ನಮ್ಮಮ್ಮ ಬೈದ್ಲು, ಬೈಸ್ಕೊಂಡ. ಮೂರು ದಿನ ಅಲ್ಲೇ ಇದ್ದು ನಾಲ್ಕೂ ಕಡೆ ಲೈನರ್ ಹಾಕ್ದ. ಘಾಟಲ್ಲಿ ಇಳಿಯೋವಾಗ ನನ್ನ ಪಕ್ಕದಲ್ಲೇ ಕೂತಿದ್ದ. ಒಳ್ಳೆ ಕೆಲಸ ಮಾಡಿದಾನೆ ಅಕ್ಕಾ. ಈಗಾದ್ರೂ ಅವನ ಹೆಸರು ಬರಿ."

ಶ್ಯಾಮಲಮ್ಮನ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಬಟ್ಟೆಯನ್ನು ಸುಣ್ಣದಲ್ಲಿ ಅದ್ದಿ, ನೆಲದ ಹತ್ತಿರದ ಆ ನೀಲಿ ಸಾಲಿನ ಮೇಲೆ ಬಳಿದಳು. ಮೇಲಿನ ಕೆಂಪು ಗೀಟನ್ನು ಮುಟ್ಟಲಿಲ್ಲ.

"ಅಷ್ಟೇನಾ ಅಕ್ಕಾ?" ಎಂದ ಆಂಜಿ.

"ಒಂದು ಬಾಯಿ ಆಯ್ತು" ಎಂದಳು ಶ್ಯಾಮಲಮ್ಮ. "ಇನ್ನೂ ಎರಡು ಬರ್ಲಿ."