ನಾನು ಓದದೆ ಬಿಟ್ಟ ಟಿಪ್ಪಣಿ

ರಿಪೇರಿಗೆ ಬಂದ ಮೊಬೈಲನ್ನು ಶಿವಲಿಂಗಪ್ಪ ಮೊದಲು ಮೂಸಿ ನೋಡುತ್ತಿದ್ದ. "ನೀರ್ ಕುಡ್ದದೆ" ಎನ್ನುತ್ತಿದ್ದ; ಇಲ್ಲವೇ, "ಡುಪ್ಲಿಕೇಟ್ ಚಾರ್ಜರ್ ಆಕಿದ್ದೀಯ ಕಣಣ್ಣ, ಸುಳ್ಳ್ ಏಳ್ಬ್ಯಾಡ." ಹೊಳೆನರಸೀಪುರದಲ್ಲಿ ನಮ್ಮ ಮನೆಯ ಎದುರಿಗೇ ಅವನ ಮಳಿಗೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅವನಿಗೆ ಇಂಗ್ಲಿಷ್ ಬಾರದು. ಹಾಸನದ ಕಾನ್ವೆಂಟಿನಲ್ಲಿ ಓದಿದ ನನಗೆ ಇಂಗ್ಲಿಷ್ ಬಿಟ್ಟು ಬೇರೇನೂ ಬಾರದು. ದಿನಾ ಬೆಳಿಗ್ಗೆ ಅವನು ಟ್ಯಾಬ್ಲೆಟ್ ತಂದು ನನ್ನ ಮುಂದಿಡುತ್ತಿದ್ದ. ಹೊಸ ಪ್ರೊಸೆಸರು, ಗ್ರಾಫಿಕ್ಸು, ಅಂಗೈಯಗಲದ ಸರ್ಕ್ಯೂಟ್ ಬೋರ್ಡುಗಳ ಸುದ್ದಿಯನ್ನು ನಾನು ಓದಿ ಕನ್ನಡದಲ್ಲಿ ಹೇಳಬೇಕು. ಅರ್ಥ ಹೇಳುವವನು ಅವನು.

"ಈ ಗ್ರಾಫಿಕ್ಸ್ ಚಿಪ್ ಅಂದ್ರೆ ಏನಪ್ಪಾ?"

"ಮದ್ವೆ ಮನೇಲಿ ಬಡ್ಸೋರಂಗೆ ಕಣಮ್ಮಾವ್ರೇ. ಅಡುಗೆ ಭಟ್ರು ಒಬ್ರೇ ಬಡ್ಸಕ್ಕಾದದಾ? ನೂರ್ ಜನ ಒಂದೇ ಸಲಕ್ಕೆ ನೂರ್ ಎಲೆಗೆ ಇಕ್ತಾರಲ್ಲ, ಅಂಗೆ ಪರದೆ ತುಂಬ್ತದೆ."

ಸ್ಟ್ರೋಕ್ ಆಗಿ ಅವನ ಹೆಂಡತಿ ಗೌರಮ್ಮನ ಮಾತು ನಿಂತಿತು. ನಡುಗುವ ಬೆರಳಿಗೆ ಮೊಬೈಲ್ ಒಗ್ಗಲಿಲ್ಲ. ಚಿತ್ರವಿರುವ ದೊಡ್ಡ ಗುಂಡಿ ಒತ್ತಿದರೆ ಮಾತಾಡುವ ಪೆಟ್ಟಿಗೆ ಮಾಡುತ್ತೇನೆಂದು ಶಿವಲಿಂಗಪ್ಪ ಹೊರಟ. ನೀರಿಗೊಂದು, ನೋವಿಗೊಂದು, "ಸುಮ್ನಿರ್ರೀ" ಎನ್ನಲಿಕ್ಕೂ ಒಂದು. "ದಿನಾ ಅಂತಿದ್ದಿದ್ದೇ ಅದು" ಎಂದು ನಕ್ಕ.

ಆ ಪೆಟ್ಟಿಗೆಗೆಂದು ತರಿಸಿದ ಹೊಸ ಬೋರ್ಡ್ ಬಂತು. ಅದರ ಇನ್‌ಸ್ಟ್ರಕ್ಷನ್ಸ್ ನಾನೇ ಓದಿದೆ, ಕೊನೆಯ ಸಣ್ಣಕ್ಷರದ ಟಿಪ್ಪಣಿ ಬಿಟ್ಟು. ಫುಟ್‌ನೋಟ್ ಗಟ್ಟಿಯಾಗಿ ಓದುವುದು ಬ್ಯಾಡ್ ಮ್ಯಾನರ್ಸ್ ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಹಳೆಯ ಬೋರ್ಡುಗಳಿಗೆ ಕೊಡುವಂತೆ ಅವನು ಐದು ವೋಲ್ಟ್ ಕೊಟ್ಟ. ಹೊಗೆ ಬಂತು. ಮೂಸಿ ನೋಡಿ, "ನನ್ ಕೈಯೇ ಸರ್ಯಾಗಿಲ್ಲ" ಎಂದ. ಇನ್ನೊಂದು ಬೋರ್ಡ್ ಬರುವಷ್ಟರಲ್ಲಿ ಗೌರಮ್ಮ ಹೋಗಿಬಿಟ್ಟಳು, ಒಂದು ಮಾತೂ ಆಡದೆ.

ತಿಂಗಳಾದ ಮೇಲೆ ಆ ಟಿಪ್ಪಣಿ ಓದಿದೆ. ಮೂರು ಪಾಯಿಂಟ್ ಮೂರು ವೋಲ್ಟಿಗಿಂತ ಹೆಚ್ಚು ಕೊಡಕೂಡದು ಎಂದಿತ್ತು. ಅವನಿಗೆ ಹೇಳುವ ಕರೇಜ್ ಬರಲಿಲ್ಲ. ಎರಡು ವರ್ಷ ಓದುತ್ತಲೇ ಹೋದೆ, ಒಂದು ಫುಟ್‌ನೋಟನ್ನೂ ಬಿಡದೆ.

ಅವನು ಹಾಸಿಗೆ ಹಿಡಿದು ಹಾಸನದ ಆಸ್ಪತ್ರೆ ಸೇರಿದಾಗ, ಪಕ್ಕದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ.

"ಅವತ್ತೇ ಗೊತ್ತಾಯ್ತು ಬುಡಿ, ವಾಸ್ನೇಲೇ."

"ಮತ್ತೆ ಯಾಕಪ್ಪಾ ಹೇಳಲಿಲ್ಲ?"

"ಏಳಿದ್ರೆ ನೀವು ಓದೋದ್ ನಿಲ್ಲುಸ್ಬುಡ್ತಿದ್ರಿ. ಅವ್ಳೂ ಇಲ್ಲ. ಬೆಳಿಗ್ಗೆ ಎದ್ರೆ ಯಾರ್ ದನಿ ಕೇಳ್ಲಿ ನಾನು?"

ಮರುದಿನ ಯಾವುದೋ ಹೊಸ ಪ್ರೊಸೆಸರಿನ ಸುದ್ದಿ ಹಿಡಿದುಕೊಂಡು ಹೋದೆ. ಖಾಲಿಯಾಗಿದ್ದ ಅವನ ಮಂಚಕ್ಕೆ ಬೇರೆ ಬೆಡ್‌ಶೀಟ್ ಹಾಸುತ್ತಿದ್ದರು.